ಸಣ್ಣ ಸರ್ವೋ ಆರಿಸುವುದು ಹೇಗೆ: ನನ್ನ ಅನುಭವ

ಪುಟ್ಟ ರೋಬೋ ಕಟ್ಟಲು ಹೊರಟವರು ನನ್ನನ್ನು ಮೊದಲು ಕೇಳುವುದು, "ಯಾವ ಸರ್ವೋ ತಗೊಳ್ಳಲಿ?" ಎಂದು. ನಾನು ತಿರುಗಿ ಕೇಳುವುದು, "ಯಾವ ಕೀಲಿಗೆ?" ಎಂದು. ಸರ್ವೋ ಎಂದರೆ ಹೇಳಿದ ಕೋನಕ್ಕೆ ತಿರುಗಿ ಅಲ್ಲೇ ಹಿಡಿದು ನಿಲ್ಲುವ ಪುಟ್ಟ ಮೋಟಾರ್. ರೋಬೋದ ಭುಜಕ್ಕೆ ಬೇಕಾದ ಮೋಟಾರೇ ಬೇರೆ, ಹಿಡಿಕೆಗೆ ಸಾಕಾಗುವ ಮೋಟಾರೇ ಬೇರೆ. ಎಲ್ಲ ಕೀಲಿಗೂ ಒಂದೇ ಸರ್ವೋ ಹಾಕಿದರೆ ಒಂದು ಕಡೆ ಬಿಸಿಯಾಗಿ ಸಾಯುತ್ತದೆ, ಇನ್ನೊಂದು ಕಡೆ ಸುಮ್ನೆ ತೂಕ ಹೆಚ್ಚಿಸುತ್ತದೆ.

ನಾನು ಕಟ್ಟುವುದು ಹೆಚ್ಚಾಗಿ ನಾಲ್ಕು ಕಾಲಿನ ನಡೆಯುವ ರೋಬೋಗಳು ಮತ್ತು ಮೇಜಿನ ಮೇಲೆ ಕೂರುವ ಕೈಗಳು. ಇವೆರಡರಲ್ಲೂ ಸರ್ವೋ ಸರಿಯಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹಾಗಾಗಿ ಆರಿಸುವುದಕ್ಕೆ ನಾನು ಸಮಯ ಕೊಡುತ್ತೇನೆ, ಬಂದ ಮೇಲೆ ಪರೀಕ್ಷೆ ಮಾಡುವುದಕ್ಕೆ ಇನ್ನೂ ಜಾಸ್ತಿ ಕೊಡುತ್ತೇನೆ.

ಮೊದಲ ಕೆಲಸ ಲೆಕ್ಕ. ಸರ್ವೋದ ಬಲವನ್ನು ಕೆಜಿ-ಸೆಂ.ಮೀ. ಎಂದು ಹೇಳುತ್ತಾರೆ. 1 ಕೆಜಿ-ಸೆಂ.ಮೀ. ಅಂದರೆ, ಶಾಫ್ಟಿನಿಂದ 1 ಸೆಂ.ಮೀ. ದೂರದಲ್ಲಿ 1 ಕೆಜಿ, ಅಥವಾ 10 ಸೆಂ.ಮೀ. ದೂರದಲ್ಲಿ 100 ಗ್ರಾಂ. ಆದರೆ ಲೇಬಲ್ಲಿನ ಮೇಲಿರುವ ಅಂಕಿ ಸ್ಟಾಲ್ ಟಾರ್ಕ್. ಅಂದರೆ ಮೋಟಾರ್ ತಿರುಗಲಾಗದೆ ನಿಂತೇ ಹೋದಾಗ ಕೊಡುವ ಬಲ. ಅಷ್ಟು ಭಾರ ಹಾಕಿದರೆ ಅದು ಕೆಲಸ ಮಾಡುವುದಿಲ್ಲ, ಬರೀ ಬಿಸಿಯಾಗುತ್ತದೆ. ಅದಕ್ಕೇ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು: ನಿಂತಿರುವಾಗಿನ ಭಾರ ಆ ಅಂಕಿಯ ಕಾಲು ಭಾಗ ದಾಟಬಾರದು, ಚಲಿಸುವಾಗಿನ ಭಾರ ಅರ್ಧ ದಾಟಬಾರದು.

ಒಂದು ಉದಾಹರಣೆ ನೋಡಿ. ನಾಲ್ಕು ಕಾಲಿನ ರೋಬೋ, ಒಟ್ಟು ತೂಕ 600 ಗ್ರಾಂ. ಮೊಣಕಾಲಿನ ಶಾಫ್ಟಿನಿಂದ ಪಾದ ಅಡ್ಡಲಾಗಿ 5 ಸೆಂ.ಮೀ. ಆಚೆಗಿದೆ. ನಿಂತಾಗ ಒಂದೊಂದು ಕಾಲಿಗೆ 150 ಗ್ರಾಂ, ಅಂದರೆ 0.75 ಕೆಜಿ-ಸೆಂ.ಮೀ. ನಡೆಯುವಾಗ ಕರ್ಣದ ಎರಡು ಕಾಲುಗಳು ಮೇಲಿದ್ದರೆ ಉಳಿದ ಎರಡಕ್ಕೆ ತಲಾ 300 ಗ್ರಾಂ, ಅಂದರೆ 1.5 ಕೆಜಿ-ಸೆಂ.ಮೀ. ಎಲ್ಲರೂ ಮೊದಲು ಕೊಳ್ಳುವ ನೀಲಿ ಬಣ್ಣದ ಎಸ್‌ಜಿ90 ಸರ್ವೋದ ಸ್ಟಾಲ್ ಟಾರ್ಕ್ 4.8 ವೋಲ್ಟಿನಲ್ಲಿ 1.8. ಅದು ಇಲ್ಲಿಗೆ ಆಗುವುದಿಲ್ಲ. ಲೋಹದ ಗಿಯರಿನ ಎಂಜಿ90ಎಸ್ 6 ವೋಲ್ಟಿನಲ್ಲಿ 2.2. ಅದೂ ನನ್ನ ಲೆಕ್ಕಕ್ಕೆ ಸಾಲದು.

ಇಲ್ಲಿ ಬಹಳ ಜನ ತಕ್ಷಣ ದೊಡ್ಡ ಸರ್ವೋಗೆ ಹೋಗುತ್ತಾರೆ. ಎಂಜಿ996ಆರ್ 9 ಕೆಜಿ-ಸೆಂ.ಮೀ. ದಾಟುತ್ತದೆ ನಿಜ, ಆದರೆ ಒಂದೊಂದೂ 55 ಗ್ರಾಂ ತೂಗುತ್ತದೆ. ಕಾಲಿಗೆ ಮೂರರಂತೆ ಹನ್ನೆರಡು ಹಾಕಿದರೆ ಸರ್ವೋಗಳೇ 660 ಗ್ರಾಂ. ನೀವು ಹೊರಬೇಕೆಂದುಕೊಂಡ ಇಡೀ ರೋಬೋದ ತೂಕಕ್ಕಿಂತ ಅದೇ ಜಾಸ್ತಿ! ನಾನು ಮಾಡುವುದು ಕಾಲನ್ನು ಗಿಡ್ಡ ಮಾಡುವುದು. 5 ಸೆಂ.ಮೀ. ಬದಲು 3 ಸೆಂ.ಮೀ. ಇಟ್ಟರೆ ನಿಂತಾಗ 0.45, ನಡೆಯುವಾಗ 0.9. ಈಗ ಸುಮಾರು 13 ಗ್ರಾಂ ತೂಗುವ ಎಂಜಿ90ಎಸ್ ಸಾಕು. ಸರ್ವೋ ಬದಲಿಸುವ ಮೊದಲು ವಿನ್ಯಾಸ ಬದಲಿಸಲು ಆಗುತ್ತದಾ ಅಂತ ನೋಡಿ. ಇದರಿಂದ ತಪ್ಪುವಷ್ಟು ತಲೆನೋವು ಬೇರೆ ಯಾವುದರಿಂದಲೂ ತಪ್ಪುವುದಿಲ್ಲ.

ಇನ್ನು ಗಿಯರ್ ವಿಷಯ. ಪ್ಲಾಸ್ಟಿಕ್ ಗಿಯರ್ ಎಂದರೆ ಕೆಟ್ಟದ್ದು, ಲೋಹ ಎಂದರೆ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಸೆನ್ಸರ್ ತಿರುಗಿಸಲು, ಕಣ್ಣು ಆಡಿಸಲು, ಹಗುರವಾದ ಬಾವುಟ ಎತ್ತಲು ಎಸ್‌ಜಿ90 ಚೆನ್ನಾಗಿಯೇ ಬಾಳುತ್ತದೆ. ಅದಕ್ಕೆ ಆಗದಿರುವುದು ಹೊಡೆತ. ರೋಬೋ ಮೇಜಿನಿಂದ ಬಿದ್ದರೆ, ಇಲ್ಲವೇ ಯಾರಾದರೂ ಕಾಲನ್ನು ಕೈಯಿಂದ ಬಲವಂತವಾಗಿ ತಿರುಗಿಸಿದರೆ ಹಲ್ಲು ಮುರಿಯುತ್ತದೆ. ಆಮೇಲೆ ಒಂದು ಜಾಗದಲ್ಲಿ 'ಟಕ್' ಎಂದು ಜಾರುತ್ತದೆ. ಲೋಹದ ಗಿಯರ್ ಹಾಗೆ ಒಮ್ಮೆಲೇ ಮುರಿಯುವುದು ಕಡಿಮೆ. ಅದು ನಿಧಾನವಾಗಿ ಸವೆಯುತ್ತದೆ, ಹಲ್ಲುಗಳ ನಡುವೆ ಸಡಿಲ ಹೆಚ್ಚುತ್ತಾ ಹೋಗುತ್ತದೆ. ನೆಲಕ್ಕೆ ತಾಗುವ ಕೀಲು, ಅಥವಾ ಏನಾದರೂ ಹಿಡಿದು ಎತ್ತುವ ಕೀಲು ಆದರೆ ನಾನು ಕಣ್ಣು ಮುಚ್ಚಿ ಲೋಹ ಹಾಕುತ್ತೇನೆ. ಒಂದು ಎಚ್ಚರಿಕೆ: ಲೋಹದ ಗಿಯರ್ ಎಂದು ಬರೆದಿರುವ ಕೆಲವು ನಕಲಿಗಳಲ್ಲಿ ಒಳಗೆ ಒಂದು ಗಿಯರ್ ಪ್ಲಾಸ್ಟಿಕ್ ಇರುತ್ತದೆ. ಅದಕ್ಕೇ ಹೊಸ ಕಂತು ಬಂದಾಗ ಒಂದರ ನಾಲ್ಕು ಸ್ಕ್ರೂ ಬಿಚ್ಚಿ ಮೇಲಿನ ಮುಚ್ಚಳ ತೆಗೆದು ನೋಡಿಯೇಬಿಡುತ್ತೇನೆ. ಗ್ರೀಸ್ ಇದೆಯಾ, ಶಾಫ್ಟಿಗೆ ಬೇರಿಂಗ್ ಇದೆಯಾ ಎನ್ನುವುದೂ ಆಗಲೇ ಗೊತ್ತಾಗುತ್ತದೆ.

ಈಗ ಪರೀಕ್ಷೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಂದೇ ಹೆಸರಿನ, ಒಂದೇ ಕಂತಿನ ಎರಡು ಅಗ್ಗದ ಸರ್ವೋಗಳು ಒಂದೇ ರೀತಿ ಇರುತ್ತವೆ ಎಂಬ ಖಾತ್ರಿ ಇಲ್ಲ. ಬೇಕಾದ್ದಕ್ಕಿಂತ ಕೆಲವನ್ನು ಹೆಚ್ಚಿಗೆ ತರಿಸಿ, ಒಂದೊಂದನ್ನೂ ಪರೀಕ್ಷೆ ಮಾಡಿ, ಪಾಸಾದದ್ದನ್ನು ಮಾತ್ರ ರೋಬೋಗೆ ಹಾಕುತ್ತೇನೆ.

ಸರ್ವೋವನ್ನು ವೈಸಿನಲ್ಲಿ ಮೆಲ್ಲಗೆ ಹಿಡಿಸಿ, ಹಾರ್ನಿಗೆ (ಶಾಫ್ಟಿನ ಮೇಲೆ ಕೂರುವ ಪುಟ್ಟ ಕೈ) 20 ಸೆಂ.ಮೀ. ಉದ್ದದ ತೆಳು ಬಿದಿರು ಕಡ್ಡಿ ಕಟ್ಟುತ್ತೇನೆ. ಹಿಂದೆ ಒಂದು ಬಿಳಿ ಹಾಳೆ. ಕಡ್ಡಿಯ ತುದಿ 3.5 ಮಿ.ಮೀ. ಸರಿದರೆ ಶಾಫ್ಟ್ 1 ಡಿಗ್ರಿ ತಿರುಗಿದೆ ಎಂದರ್ಥ. ಕಣ್ಣಿಗೆ ಕಾಣದ ತಪ್ಪು ಹೀಗೆ ದೊಡ್ಡದಾಗಿ ಕಾಣುತ್ತದೆ. ಯಾವ ಕೋನಕ್ಕೆ ತಿರುಗಬೇಕು ಎಂದು ಸರ್ವೋಗೆ ಹೇಳುವುದು ವಿದ್ಯುತ್ ಪಲ್ಸಿನ ಉದ್ದದಿಂದ, 1500 ಮೈಕ್ರೊಸೆಕೆಂಡ್ ಎಂದರೆ ನಡು. ಮೊದಲು 1000 ಮೈಕ್ರೊಸೆಕೆಂಡ್ ಪಲ್ಸ್ ಕೊಟ್ಟು, ಅಲ್ಲಿಂದ 1500ಕ್ಕೆ ತಂದು, ತುದಿ ನಿಂತ ಕಡೆ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಆಮೇಲೆ 2000ಕ್ಕೆ ಕಳಿಸಿ, ಆ ಕಡೆಯಿಂದ ಮತ್ತೆ 1500ಕ್ಕೆ ತಂದು ಇನ್ನೊಂದು ಗೆರೆ. ಇದನ್ನೇ ಒಂದಷ್ಟು ಸಲ ಮಾಡಿದರೆ ಹಾಳೆಯ ಮೇಲೆ ಎರಡು ಗೆರೆಗಳ ಗುಂಪು ಕಾಣುತ್ತದೆ. ಗುಂಪುಗಳ ನಡುವಿನ ಅಂತರದಲ್ಲಿ ಗಿಯರಿನ ಸಡಿಲವೂ ಸಣ್ಣ ಬದಲಾವಣೆಯನ್ನು ಗಮನಿಸದೇ ಬಿಡುವ ಸರ್ಕ್ಯೂಟಿನ ಗುಣವಾದ ಡೆಡ್‌ಬ್ಯಾಂಡೂ ಸೇರಿರುತ್ತವೆ. ಒಂದೇ ಗುಂಪಿನೊಳಗೆ ಗೆರೆಗಳು ಚದುರಿದ್ದರೆ ಒಳಗಿನ ಪಾಟ್ (ಶಾಫ್ಟ್ ಎಲ್ಲಿದೆ ಎಂದು ಅಳೆಯುವ ಪೊಟೆನ್ಶಿಯೊಮೀಟರ್) ಸರಿ ಇಲ್ಲ ಎಂದು ಅನುಮಾನ ಪಡುತ್ತೇನೆ. ಸಡಿಲವನ್ನು ವಿನ್ಯಾಸದಲ್ಲಿ ಸುಧಾರಿಸಿಕೊಳ್ಳಬಹುದು. ಚದುರುವ ಸರ್ವೋವನ್ನು ಏನೂ ಮಾಡಲಾಗದು, ಅದನ್ನು ಪಕ್ಕಕ್ಕಿಡುತ್ತೇನೆ.

ಡೆಡ್‌ಬ್ಯಾಂಡ್ ಎಂದೆನಲ್ಲ, ಅದನ್ನೂ ಲೆಕ್ಕ ಹಾಕಿ. 180 ಡಿಗ್ರಿಗೆ ಸುಮಾರು 2000 ಮೈಕ್ರೊಸೆಕೆಂಡ್ ಎಂದುಕೊಂಡರೆ 1 ಡಿಗ್ರಿಗೆ 11. ಎಸ್‌ಜಿ90ಗೆ ಹೇಳಿರುವ ಡೆಡ್‌ಬ್ಯಾಂಡ್ 10 ಮೈಕ್ರೊಸೆಕೆಂಡ್, ಎಂಜಿ90ಎಸ್‌ಗೆ 5. ಅಂದರೆ ಹೆಚ್ಚುಕಡಿಮೆ ಒಂದು ಡಿಗ್ರಿಯಷ್ಟು ಬದಲಾವಣೆ ಕೇಳಿದರೂ ಎಸ್‌ಜಿ90 ಅಲುಗಾಡದೇ ಇರಬಹುದು. ಕೋಡಿನಲ್ಲಿ ಅರ್ಧರ್ಧ ಡಿಗ್ರಿ ಬರೆದು ಸರ್ವೋ ಸರಿಯಾಗಿ ಕೇಳುತ್ತಿಲ್ಲ ಎಂದು ಬೇಸರ ಪಟ್ಟುಕೊಳ್ಳುವ ಮೊದಲು ಇದನ್ನು ನೋಡಬೇಕು ಅಲ್ವಾ.

ಎರಡನೆಯದು ಭಾರದ ಪರೀಕ್ಷೆ. ಹಾರ್ನಿಗೆ 10 ಸೆಂ.ಮೀ. ಪಟ್ಟಿ ಅಡ್ಡಲಾಗಿ ಕಟ್ಟಿ, ತುದಿಗೆ 50 ಗ್ರಾಂ ತೂಗುಹಾಕುತ್ತೇನೆ. ಹತ್ತು ನಿಮಿಷ ಹಾಗೇ ಬಿಡುತ್ತೇನೆ. ಚಾಚಿದ ಕೈಯಲ್ಲಿ ತುಂಬಿದ ಬಕೆಟ್ ಹಿಡಿದು ನಿಂತ ಹಾಗೆ, ಸರ್ವೋಗೆ ಕಷ್ಟವಾಗುವುದು ಅಲುಗಾಡದೆ ಹಿಡಿದುಕೊಳ್ಳುವುದೇ. ಹತ್ತು ನಿಮಿಷದ ನಂತರ ಬೆರಳಿಟ್ಟು ನೋಡುತ್ತೇನೆ. ಬೆಚ್ಚಗಿದ್ದರೆ ಸರಿ. ಬೆರಳು ಇಟ್ಟುಕೊಳ್ಳಲು ಆಗದಿದ್ದರೆ, ಅಥವಾ ಪಟ್ಟಿ ನಿಧಾನವಾಗಿ ಇಳಿದಿದ್ದರೆ ಆ ಸರ್ವೋ ಕಾಲಿಗೆ ಬೇಡ. ಸದ್ದಿಗೂ ಕಿವಿ ಕೊಡಬೇಕು. ಭಾರ ಇದ್ದಾಗ ಸಣ್ಣಗೆ ಗುಂಯ್‌ಗುಡುವುದು ಸಹಜ, ಡಿಜಿಟಲ್ ಸರ್ವೋಗಳಂತೂ ಖಂಡಿತ ಸದ್ದು ಮಾಡುತ್ತವೆ. ಅವು ಮೋಟಾರಿಗೆ ಕರೆಂಟ್ ಕೊಡುವುದನ್ನು ಅನಲಾಗ್ ಸರ್ವೋಗಿಂತ ಹೆಚ್ಚು ವೇಗದಲ್ಲಿ ಸರಿಪಡಿಸುತ್ತಾ ಇರುತ್ತವೆ. ಭಾರವೇ ಇಲ್ಲದೆ ಅತ್ತಿತ್ತ ನಡುಗುತ್ತಾ ಇದ್ದರೆ ಮಾತ್ರ ಅದು ದೋಷ. ಆದರೆ ಆ ದೋಷ ಸರ್ವೋದ್ದೇ ಎಂದು ತೀರ್ಮಾನಿಸುವ ಮುನ್ನ ಕರೆಂಟ್ ನೋಡಿ.

ಕರೆಂಟ್ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಸರ್ವೋ ಕೆಟ್ಟಿದೆ ಎಂದು ಜನ ನನ್ನ ಬಳಿ ತರುವುದರಲ್ಲಿ ಎಷ್ಟೋ ಸಲ ಸರ್ವೋ ಚೆನ್ನಾಗಿಯೇ ಇರುತ್ತದೆ, ಪವರ್ ಸಾಲದೇ ಇರುತ್ತದೆ. ಎಸ್‌ಜಿ90 ತರಹದ್ದು ಸಿಕ್ಕಿಹಾಕಿಕೊಂಡಾಗ ಮುಕ್ಕಾಲು ಆಂಪಿಯರ್ ಹತ್ತಿರ ಎಳೆಯುತ್ತದೆ, ಎಂಜಿ996ಆರ್ ಎರಡೂವರೆ ಆಂಪಿಯರ್. ಕೋಡ್ ನಡೆಸುವ ಆರ್ಡುಯಿನೊ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಇದನ್ನು ನಡೆಸಲು ಹೋದರೆ ವೋಲ್ಟೇಜ್ ಕುಸಿದು ಬೋರ್ಡೇ ರೀಸೆಟ್ ಆಗುತ್ತದೆ. ಸರ್ವೋಗಳಿಗೆ ಬೇರೆಯೇ ಸಪ್ಲೈ ಕೊಡಿ, ಎರಡರ ಗ್ರೌಂಡ್ ಮಾತ್ರ ಸೇರಿಸಿ. ನಾನು ಹನ್ನೆರಡು ಸಣ್ಣ ಸರ್ವೋಗೆ 5 ಆಂಪಿಯರಿನ ಯುಬೆಕ್ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಸ್ಥಿರವಾಗಿ ಕೊಡುವ ಸಾಧನ) ಹಾಕಿ ಅದನ್ನು 6 ವೋಲ್ಟಿಗೆ ಇಟ್ಟಿರುತ್ತೇನೆ, ಪಕ್ಕದಲ್ಲಿ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರುತ್ತದೆ. ಎರಡು ಸೆಲ್ಲಿನ ಲಿಪೊ ಬ್ಯಾಟರಿಯನ್ನು ನೇರವಾಗಿ ಈ ಸರ್ವೋಗಳಿಗೆ ಕೊಡಬೇಡಿ. ಪೂರ್ತಿ ಚಾರ್ಜ್ ಆದಾಗ ಅದು 8.4 ವೋಲ್ಟ್.

ಜೋಡಿಸುವಾಗ ಒಂದು ಕ್ರಮ ಪಾಲಿಸುತ್ತೇನೆ. ಮೊದಲು ಪವರ್ ಕೊಟ್ಟು 1500ಕ್ಕೆ ತಂದು, ಆಮೇಲೆಯೇ ಹಾರ್ನ್ ಕೂರಿಸುವುದು. ಸ್ಟ್ಯಾಂಡರ್ಡ್ ಗಾತ್ರದ ಸರ್ವೋಗಳಲ್ಲಿ ಸಾಮಾನ್ಯವಾಗಿರುವ 25 ಹಲ್ಲಿನ ಶಾಫ್ಟಿನಲ್ಲಿ ಒಂದು ಹಲ್ಲಿಗೆ 14.4 ಡಿಗ್ರಿ ವ್ಯತ್ಯಾಸ. ಆದ್ದರಿಂದ ಹಾರ್ನ್ ಬೇಕಾದ ಕಡೆಗೇ ನಿಖರವಾಗಿ ಕೂರುವುದು ಅಪರೂಪ, ಉಳಿದ ಕೆಲವು ಡಿಗ್ರಿಯನ್ನು ಕೋಡಿನಲ್ಲಿ ಸರಿಪಡಿಸಬೇಕು. ಸರ್ವೋದ ಎರಡು ಕೊನೆಗಳನ್ನೂ ಅಳೆದು ಬರೆದಿಡುತ್ತೇನೆ. ಆರ್ಡುಯಿನೊದ ಸರ್ವೋ ಲೈಬ್ರರಿ ನಾವೇನೂ ಹೇಳದಿದ್ದರೆ 544ರಿಂದ 2400 ಮೈಕ್ರೊಸೆಕೆಂಡ್ ವರೆಗೆ ಕಳಿಸುತ್ತದೆ. ಎಷ್ಟೋ ಸರ್ವೋಗಳು ಅದಕ್ಕೆ ಮೊದಲೇ ಒಳಗಿನ ತಡೆಗೆ ತಾಗಿ ನಿಲ್ಲುತ್ತವೆ. ಹಾಗೆ ತಾಗಿಕೊಂಡೇ ಇದ್ದರೆ ಸ್ಟಾಲ್ ಕರೆಂಟ್ ಎಳೆಯುತ್ತಲೇ ಇರುತ್ತದೆ, ಮೋಟಾರ್ ಸುಡಲು ಅದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಪ್ರತಿ ಸರ್ವೋದ ಮೈಮೇಲೆ ಒಂದು ಸಣ್ಣ ಚೀಟಿ ಅಂಟಿಸಿ, ಕನಿಷ್ಠ, ನಡು, ಗರಿಷ್ಠ ಎಂದು ಮೂರು ಅಂಕಿ ಬರೆಯುತ್ತೇನೆ. ಬಿಡಿಯಾಗಿ ಉಳಿದ ಸರ್ವೋಗಳ ಮೇಲೂ ಇದೇ ಚೀಟಿ ಇರುತ್ತದೆ. ಒಂದು ಹೋದರೆ ಇನ್ನೊಂದು ಹಾಕಿ, ಕೋಡಿನಲ್ಲಿ ಮೂರು ಅಂಕಿ ಬದಲಿಸಿದರೆ ಆಯಿತು.

ಕೈ ಕಟ್ಟುವಾಗ ಮಾತ್ರ ನನ್ನ ಆಯ್ಕೆ ಈಚೆಗೆ ಬದಲಾಗಿದೆ. ಭುಜದ ತಪ್ಪು ತುದಿಗೆ ಹೋಗುವಷ್ಟರಲ್ಲಿ ದೊಡ್ಡದಾಗುತ್ತದೆ. 30 ಸೆಂ.ಮೀ. ಕೈಯಲ್ಲಿ ಭುಜ 1 ಡಿಗ್ರಿ ತಪ್ಪಿದರೆ ತುದಿ 5 ಮಿ.ಮೀ. ತಪ್ಪುತ್ತದೆ. ಇಲ್ಲಿ ಬಸ್ ಸರ್ವೋಗಳು (ಪಲ್ಸ್ ಬದಲು ಡಿಜಿಟಲ್ ಸಂದೇಶದಿಂದ ನಡೆಯುವ ಸರ್ವೋಗಳು) ತಮ್ಮ ಬೆಲೆಗೆ ನ್ಯಾಯ ಒದಗಿಸುತ್ತವೆ. ಡೈನಮಿಕ್ಸೆಲ್ ಎಎಕ್ಸ್-12ಎ 300 ಡಿಗ್ರಿಯನ್ನು 1024 ಭಾಗ ಮಾಡುತ್ತದೆ. ಫೀಟೆಕ್ ಎಸ್‌ಟಿಎಸ್3215ರಲ್ಲಿ ಪಾಟ್ ಬದಲು ಮ್ಯಾಗ್ನೆಟಿಕ್ ಎನ್‌ಕೋಡರ್ ಇದೆ, ಪೂರ್ತಿ ಸುತ್ತಿಗೆ 4096 ಭಾಗ. ಒಂದರಿಂದ ಇನ್ನೊಂದಕ್ಕೆ ಸರಪಳಿ ಹಾಗೆ ವೈರ್ ಎಳೆಯಬಹುದು. ನನಗೆ ಇನ್ನೂ ಇಷ್ಟವಾಗುವುದು, ಅವು ತಿರುಗಿ ಮಾತಾಡುತ್ತವೆ. ಎಲ್ಲಿದ್ದೇನೆ, ಎಷ್ಟು ಬಿಸಿಯಾಗಿದ್ದೇನೆ, ಎಷ್ಟು ಭಾರ ಹೊತ್ತಿದ್ದೇನೆ ಎಂದು ಕೇಳಿದರೆ ಹೇಳುತ್ತವೆ. ಬೆರಳಿಟ್ಟು ನೋಡುವ ಕೆಲಸ ಕೋಡಿನಲ್ಲೇ ಆಗುತ್ತದೆ. ಬಿಸಿ ಮಿತಿ ದಾಟಿದರೆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ವಿಶ್ರಾಂತಿ ಕೊಡುವಂತೆ ಬರೆಯಬಹುದು.

ಈಗ ಮೇಜಿನ ಮೇಲಿರುವ ಕೈಯಲ್ಲಿ ಬುಡ, ಭುಜ, ಮೊಣಕೈಗೆ ಬಸ್ ಸರ್ವೋ ಹಾಕಿದ್ದೇನೆ. ಭುಜಕ್ಕೆ ಒಂದು ಸ್ಪ್ರಿಂಗ್ ಕೂಡ ಕಟ್ಟಿದ್ದೇನೆ, ಕೈಯ ಸ್ವಂತ ತೂಕ ಹೊರುವ ಕೆಲಸ ಅದರದು. ಮಣಿಕಟ್ಟಿಗೂ ಹಿಡಿಕೆಗೂ ಪರೀಕ್ಷೆಯಲ್ಲಿ ಪಾಸಾದ ಎಂಜಿ90ಎಸ್‌ಗಳೇ ಇವೆ, ಅಲ್ಲಿಗೆ ಅದಕ್ಕಿಂತ ಜಾಸ್ತಿ ಬೇಕಿಲ್ಲ.