ಫಳಫಳ ಹೊಳೆಯುವ ಡೆಕ್ಕು, ನಮ್ಮ ಭಾವನ ಸೊಂಟ

ದೋಣಿಗೆ ವ್ಯಾಕ್ಸ್ ಹಚ್ಚಿದ ಮರುದಿನವೇ ನಮ್ಮ ಭಾವ ಅದರ ಮೇಲೆ ಜಾರಿ ಬಿದ್ದರು. ಕೈಯಲ್ಲಿ ಬಲೆ, ಒದ್ದೆ ಕಾಲು, ಕೆಳಗೆ ಕನ್ನಡಿಯಂಥ ಡೆಕ್ಕು, ಅಂದರೆ ದೋಣಿಯಲ್ಲಿ ಕಾಲಿಡುವ ನೆಲ. ಬೀಳದೆ ಇನ್ನೇನು? ಸೊಂಟ ಹಿಡಿದುಕೊಂಡು ಎದ್ದು ಕೂತು, "ದೋಣಿ ತೊಳೆಯೋ ಅಂದ್ರೆ ಎಣ್ಣೆ ಸವರಿ ಇಟ್ಟಿದೀಯಲ್ಲೋ!" ಅಂದರು.

ನಮ್ಮದು 16 ಅಡಿಯ ಫೈಬರ್ ದೋಣಿ. ಹಿರಿಯೂರಿನ ಮಾರಿಕಣಿವೆಯಲ್ಲಿ, ಅಂದರೆ ವಾಣಿವಿಲಾಸ ಸಾಗರದಲ್ಲಿ ಮೀನು ಹಿಡಿಯಲು ಇಟ್ಟುಕೊಂಡಿದ್ದು. ಉಡುಪಿ ಕಡೆಯಿಂದ ಸೆಕೆಂಡ್‌ಹ್ಯಾಂಡ್ ತಂದೆವು. ಮುಂದೆ ನಿಂತು ಬಲೆ ಬಿಡಲು ಫೈಬರ್ ಡೆಕ್ಕು, ನಡುವೆ ಮೀನು ಹಾಕುವ ಗುಂಡಿಗೆ ಪ್ಲೈವುಡ್ ಮುಚ್ಚಳ. ನೀರು ಪಾತಾಳ ಕಂಡಿದ್ದ ವರ್ಷಗಳಲ್ಲಿ ಅದು ದಡದಲ್ಲೇ ಬಿಸಿಲು ಕಾಯುತ್ತಾ ಬಿದ್ದಿತ್ತು. 2022ರ ಸೆಪ್ಟೆಂಬರಿನಲ್ಲಿ, 1933ರ ನಂತರ ಮೊದಲ ಸಲ, ಅಣೆಕಟ್ಟೆ ಕೋಡಿ ಬಿತ್ತು. ಊರೆಲ್ಲ ಕೋಡಿ ನೋಡಲು ಹೋದರೆ ನಾನು ದೋಣಿ ನೋಡಲು ಹೋದೆ. ಡೆಕ್ಕಿನ ಮೇಲೆ ಕೈಯಾಡಿಸಿದರೆ ಸೀಮೆಸುಣ್ಣದ ಹಾಗೆ ಬಿಳಿ ಪುಡಿ ಮೆತ್ತಿಕೊಂಡಿತು. ಅದರ ಮೇಲೆ ಕೊಕ್ಕರೆ ಹಿಕ್ಕೆ, ಕೆಂಪು ಧೂಳು, ಹಳೇ ಮೊಳೆಗಳಿಂದ ಇಳಿದ ತುಕ್ಕಿನ ಗೆರೆ.

ಹಿರಿಯೂರು, ಚಿತ್ರದುರ್ಗದವರು ಕುಡಿಯುವುದು ಇದೇ ನೀರು. ಅದಕ್ಕೆ ಸೋಪಿನ ನೊರೆ ಬಿಡಲು ಮನಸ್ಸು ಬರಲಿಲ್ಲ. ಟ್ರ್ಯಾಕ್ಟರ್ ಟ್ರೈಲರಿಗೆ ಹಾಕಿಸಿ ಮನೆ ಹತ್ತಿರ ತಂದೆ. ಬೀದಿಯ ಮಕ್ಕಳಿಗೆ ಒಂದು ವಾರ ಅದೇ ಜಾತ್ರೆ.

ಮೊದಲ ತಪ್ಪು ಅಲ್ಲೇ ಆಯಿತು. ತುಕ್ಕಿನ ಕಲೆ ಹೋಗಲಿ ಅಂತ ಬಚ್ಚಲು ತೊಳೆಯುವ ಆಸಿಡ್ ಸುರಿದೆ. ಕಲೆ ಸ್ವಲ್ಪ ಹೋಯಿತು, ಜೊತೆಗೆ ಫೈಬರಿನ ಮೆರುಗೂ ಹೋಯಿತು. ಸುತ್ತಲಿನ ಸ್ಕ್ರೂಗಳು ಮೊದಲಿಗಿಂತ ಜಾಸ್ತಿ ತುಕ್ಕು ಹಿಡಿದವು. ಫೈಬರಿನ ಮೇಲ್ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಅದರ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೇ. ಬಿಸಿಲಿಗೆ ಸತ್ತು ಪುಡಿಯಾಗುವುದೂ ಅದೇ, ನಾವು ಉಜ್ಜಿ ಸವೆಸುವುದೂ ಅದನ್ನೇ.

ಎರಡನೇ ತಪ್ಪು ಬೋರ್‌ವೆಲ್ ನೀರು. ನಮ್ಮ ಕಡೆಯ ನೀರು ಎಷ್ಟು ಗಡಸು ಅಂತ ಸೋಲಾರ್ ಪೈಪ್ ಬಿಚ್ಚಿ ನೋಡಿದವರಿಗೆ ಗೊತ್ತು. ಮಧ್ಯಾಹ್ನ ತೊಳೆದು ಹಾಗೇ ಒಣಗಲು ಬಿಟ್ಟೆ. ಸಂಜೆ ನೋಡಿದರೆ ಡೆಕ್ಕಿನ ತುಂಬ ಬಿಳಿ ಮಚ್ಚೆ. ಹಿತ್ತಾಳೆ ಬಿಂದಿಗೆಗೆ ಅಮ್ಮ ಮಾಡುವ ಹಾಗೆ ಹುಣಸೆಹಣ್ಣಿನ ರಸ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದೆ. ಮಚ್ಚೆ ಬಿಟ್ಟಿತು! ಈಗ ಕೊನೆಯ ನೀರಿಗೆ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು. ಅದು ಖಾಲಿಯಾದರೆ ಬೋರ್‌ವೆಲ್ ನೀರೇ ಗತಿ, ಆದರೆ ತಕ್ಷಣ ಹತ್ತಿ ಬಟ್ಟೆಯಲ್ಲಿ ಒರೆಸಿಬಿಡುತ್ತೇನೆ.

ಈಗ ನಾನು ತೊಳೆಯುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ. ಮೊದಲು ಬರೀ ನೀರು ಹೊಡೆದು ಮಣ್ಣು, ಮರಳು ಇಳಿಸುತ್ತೇನೆ. ಮರಳಿನ ಮೇಲೆ ಬ್ರಷ್ ಆಡಿಸಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಆಮೇಲೆ ಒಂದು ಬಕೆಟ್ಟಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಷ್. ಒಂದೊಂದು ಮೊಳ ಉಜ್ಜಿ, ನೊರೆ ಒಣಗುವ ಮುಂಚೆ ನೀರು ಹಾಕುತ್ತೇನೆ. ತುಕ್ಕಿನ ಕಲೆಗೆ ಮಾತ್ರ ಆಕ್ಸಾಲಿಕ್ ಆಸಿಡ್ ಪುಡಿಯನ್ನು ನೀರಲ್ಲಿ ತೆಳ್ಳಗೆ ಕಲಸಿ ಕಲೆಯ ಮೇಲಷ್ಟೇ ಹಚ್ಚುವುದು. ಅದು ವಿಷ. ಗ್ಲೌಸ್, ಕನ್ನಡಕ ಬೇಕೇ ಬೇಕು, ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಲೇಬಾರದು. ತುಕ್ಕು ಬಿಟ್ಟ ಕೂಡಲೇ ಚೆನ್ನಾಗಿ ತೊಳೆದುಬಿಡಬೇಕು.

ಬಿಳಿ ಪುಡಿ ಹೋಗಲು ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್ ಸಾಕಾಯಿತು. ಕೈಯಲ್ಲೇ ಉಜ್ಜಿದೆ, ಎರಡು ಭಾನುವಾರ ಹಿಡಿಯಿತು. ಮೆಷಿನ್ ಇಟ್ಟರೆ ಬೇಗ ಆಗುತ್ತದೆ, ಆದರೆ ಅರ್ಧ ಮಿಲಿಮೀಟರ್ ಪದರದ ಮೇಲೆ ಮೆಷಿನ್ ಹಿಡಿಯುವಷ್ಟು ನನ್ನ ಕೈ ಪಳಗಿಲ್ಲ. ಉಜ್ಜಿದ ಮೇಲೆ ಖುಷಿ ತಡೆಯಲಾರದೆ ಇಡೀ ದೋಣಿಗೆ ವ್ಯಾಕ್ಸ್ ಹಚ್ಚಿದೆ. ಭಾವ ಬಿದ್ದದ್ದು ಆಗಲೇ.

ವ್ಯಾಕ್ಸ್ ಬಿಸಿಲು ತಡೆಯುತ್ತದೆ, ನಿಜ. ಆದರೆ ಅದು ದೋಣಿಯ ಪಕ್ಕದ ಗೋಡೆಗೆ. ಕಾಲಿಡುವ ಜಾಗಕ್ಕೆ ಹೊಳಪು ಬೇಡ, ಹಿಡಿತ ಬೇಕು. ಹಚ್ಚಿದ್ದನ್ನೆಲ್ಲ ತಿನ್ನರ್ ಬಟ್ಟೆಯಲ್ಲಿ ಒರೆಸಿ ತೆಗೆದೆ. 80 ನಂಬರ್ ಉಪ್ಪುಕಾಗದ ಉಜ್ಜಿ, ಅಂಚಿಗೆ ಟೇಪ್ ಅಂಟಿಸಿ, ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್ ಬಳಿದು, ಹಸಿ ಇರುವಾಗಲೇ ಮೇಲೆ ಮರಳು ಉದುರಿಸಿದೆ. ಮೊದಲ ಸಲ, ಮನೆ ಕಟ್ಟಿದ್ದಾಗ ಉಳಿದಿದ್ದ ಎಂ-ಸ್ಯಾಂಡ್ ಹಾಕಿದೆ. ಅದರ ಚೂಪಿಗೆ ಬಲೆಯೂ ಹರಿಯಿತು, ಮಂಡಿಯೂ ತರಚಿತು. ಮತ್ತೆ ಉಜ್ಜಿ ತೆಗೆದು, ಸಣ್ಣ ಹೊಳೆಮರಳನ್ನು ತೊಳೆದು ಒಣಗಿಸಿ, ಹಿಟ್ಟಿನ ಜರಡಿಯಲ್ಲಿ ಆಡಿ ಹಾಕಿದೆ. (ಮನೆಗೆ ಹೊಸ ಜರಡಿ ತಂದುಕೊಟ್ಟ ಮೇಲೇ ಊಟ ಸಿಕ್ಕಿದ್ದು.) ಮರುದಿನ ಅಂಟದ ಮರಳು ಗುಡಿಸಿ, ಮೇಲೊಂದು ಕೋಟ್. ಈಗ ಮೀನಿನ ಲೋಳೆ ಬಿದ್ದಿದ್ದರೂ ಬರಿಗಾಲು ನಿಲ್ಲುತ್ತದೆ.

ಪ್ಲೈವುಡ್ ಮುಚ್ಚಳ ಕೊಳೆಯುವುದು ಮೇಲಿನಿಂದಲ್ಲ, ಅಂಚಿನಿಂದ ಮತ್ತು ಸ್ಕ್ರೂ ತೂತಿನಿಂದ. ತೂತುಗಳನ್ನು ದೊಡ್ಡದು ಮಾಡಿ ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಅದರೊಳಗೇ ಹೊಸ ತೂತು ಕೊರೆದು ಸ್ಟೇನ್‌ಲೆಸ್ ಸ್ಕ್ರೂ ಹಾಕಿದೆ. ಅಂಚಿಗೆ ಮೂರು ಕೋಟ್ ಎಪಾಕ್ಸಿ ಕುಡಿಸಿದೆ.

ಕೊನೆಗೆ ಹೊದಿಕೆ. ಟಾರ್ಪಾಲನ್ನು ಡೆಕ್ಕಿಗೆ ಅಂಟಿದ ಹಾಗೆ ಬಿಗಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಬಿದಿರು ಬಾಗಿಸಿ ಗಾಡಿ ಕಮಾನಿನ ಹಾಗೆ ಮಾಡಿ ಮೇಲೆ ಹಾಕಿದ್ದೇನೆ, ಗಾಳಿ ಆಡುತ್ತದೆ. ಅದರ ನೆರಳಿನಲ್ಲಿ ಮಧ್ಯಾಹ್ನ ಭಾವ ಡೆಕ್ಕಿನ ಮೇಲೆ ಟವೆಲ್ ಹಾಸಿ ಮಲಗುತ್ತಾರೆ. ಮರಳು ಬೆನ್ನಿಗೆ ಒತ್ತುತ್ತೆ ಅನ್ನೋದು ಈಗಿನ ತಕರಾರು.