ಮನೆಭೇಟಿಗೆ ಹೊರಟವರಿಗೆ

ನಮ್ಮ ಮಂಗಳೂರಿನ ಚರ್ಚಿನಲ್ಲಿ ಬಡವರ ಮನೆಗೆ ಹೋಗಿ ನೆರವಾಗುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಝನಾಮ್ ಮತ್ತು ಗೆಳೆಯರು ಶುರುಮಾಡಿದ್ದು. ಹೊಸಬರಿಗೆ ನಾನು ಹೇಳುವುದಿಷ್ಟು.

ಇಬ್ಬರಾಗಿ ಹೋಗಿ. ಅಕ್ಕಿ ಚೀಲ ಅಂಗಳದಲ್ಲೇ ಇಟ್ಟು ಹೊರಡಬೇಡಿ, ಒಳಗೆ ಕೂತು ಮಾತಾಡಿ. ಅಜ್ಜಿ ಕಣ್ಣ ಚಹಾ (ಹಾಲಿಲ್ಲದ ಚಹಾ) ತಂದರೆ ಸುಮ್ನೆ ಕುಡಿಯಿರಿ. ಕೊಡುವ ಖುಷಿ ಅವರಿಗೂ ಬೇಕಲ್ವಾ? ಮಾತ್ರೆ ಡಬ್ಬಿ ತೆರೆಸಿ, ಯಾವುದು ಮುಗಿದಿದೆ ನೋಡಿ, ಚೀಟಿಯಲ್ಲಿ ಬರೆದುಕೊಳ್ಳಿ.

ಫೋಟೊ ಮಾತ್ರ ಬೇಡವೇ ಬೇಡ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಯೇಸು ಹೇಳಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ವಾಟ್ಸಾಪ್ ಸ್ಟೇಟಸ್ ಪ್ರಿಯರಿಗೆ ಸ್ವಲ್ಪ ಕಷ್ಟವೇ! "ಪೂಜೆಗೆ ಯಾಕೆ ಬರ್ತಿಲ್ಲ?" ಎಂದೂ ಕೇಳಬೇಡಿ, ಅಕ್ಕಿಗೆ ಬೆಲೆ ಕೇಳಿದ ಹಾಗಾಗುತ್ತದೆ.

ಮುಖ ಕೊಟ್ಟು ಮಾತಾಡದ ಮನೆಗೂ ಮುಂದಿನ ವಾರ ಹೋಗಿ. ಆ ಮಾತ್ರೆ ಚೀಟಿ ಮರೆಯಬೇಡಿ.