ಟಿಸಿಪಿ ಇಲ್ಲದ ಮಷಿನ್‌ನಲ್ಲೇ ಇಂಪೆಲ್ಲರ್ ತೆಗೆದೆವು

ಪೀಣ್ಯದ ನಮ್ಮ ಶೆಡ್ಡಿನಲ್ಲಿರೋದು ಮುಚ್ಚಿಹೋದ ಒಂದು ಟೂಲ್‌ರೂಮಿನಿಂದ ಕೊಂಡ ಹಳೇ ಫೈವ್ ಆಕ್ಸಿಸ್ ಮಿಲ್ಲಿಂಗ್ ಮಷಿನ್. ಎ-ಸಿ ಟ್ರನಿಯನ್ ಟೇಬಲ್ (ಎ ಅಂದರೆ ಟೇಬಲ್ ವಾಲೋದು, ಸಿ ಅಂದರೆ ಸುತ್ತೋದು), ಫ್ಯಾನಕ್ ಕಂಟ್ರೋಲ್. ಕ್ರೇನು, ಲೆವೆಲಿಂಗು ಎಲ್ಲಾ ಸೇರಿ 30 ಲಕ್ಷ ದಾಟಿತು. ತಂದು ಕೂರಿಸಿ, ಟಿಸಿಪಿ (ಟೇಬಲ್ ತಿರುಗಿದರೂ ಟೂಲ್ ತುದಿಯನ್ನು ಜಾಬಿನ ಮೇಲೆ ಸರಿಯಾದ ಜಾಗದಲ್ಲೇ ಇಡೋ ಸೌಲಭ್ಯ) ಆನ್ ಮಾಡೋ ಜಿ43.4 ಕೋಡ್ ಹೊಡೆದರೆ ಅಲಾರಂ. ಹಿಂದಿನವರು ಟಿಸಿಪಿ ಆಪ್ಷನ್ನೇ ಕೊಂಡಿರಲಿಲ್ಲ. ಹಾಕಿಸೋಕೆ ಬಂದ ಕೊಟೇಶನ್ 6 ಲಕ್ಷದ ಆಸುಪಾಸು. ನೋಡಲು ಬಂದಿದ್ದ ಅಪ್ಲಿಕೇಶನ್ ಎಂಜಿನಿಯರ್, "ಸಾರ್, ಇದನ್ನ 3+2ಗೆ ಇಟ್ಕೊಳ್ಳಿ, ಸೈಮಲ್ಟೇನಿಯಸ್ ಮರೆತುಬಿಡಿ" ಅಂದರು. 3+2 ಅಂದರೆ ಟೇಬಲನ್ನು ಒಂದು ಕೋನಕ್ಕೆ ತಿರುಗಿಸಿ ಲಾಕ್ ಮಾಡಿ ಕಟ್ ಮಾಡೋದು, ಸೈಮಲ್ಟೇನಿಯಸ್ ಅಂದರೆ ಐದೂ ಆಕ್ಸಿಸ್ ಒಟ್ಟಿಗೇ ಓಡೋದು. ಪಕ್ಕದ ಶೆಡ್ಡಿನವರು ಮೂಗು ಮುರಿದರು.

ಅಷ್ಟರಲ್ಲಿ 7075 ಅಲ್ಯೂಮಿನಿಯಂನ ಇಂಪೆಲ್ಲರ್ (ತಿರುಚಿದ ಬ್ಲೇಡುಗಳ ಚಕ್ರ) ಜಾಬ್ ಒಪ್ಪಿಕೊಂಡಾಗಿತ್ತು. ವ್ಯಾಸ ಸುಮಾರು 120 ಮಿ.ಮೀ., ದೊಡ್ಡ ಬ್ಲೇಡುಗಳ ನಡುವೆ ಚಿಕ್ಕ ಸ್ಪ್ಲಿಟರ್ ಬ್ಲೇಡ್ ಬೇರೆ.

ಟಿಸಿಪಿ ಇಲ್ಲ ಅಂದರೆ ಟೂಲ್ ತುದಿ ಎಲ್ಲಿದೆ ಅಂತ ಕಂಟ್ರೋಲಿಗೆ ಗೊತ್ತಾಗೋದಿಲ್ಲ, ಅಷ್ಟೇ. ಆ ಲೆಕ್ಕವನ್ನು ಪೋಸ್ಟೇ (ಕ್ಯಾಮ್ ಸಾಫ್ಟ್‌ವೇರಿನ ಟೂಲ್ ದಾರಿಯನ್ನು ಮಷಿನ್ ಕೋಡಿಗೆ ತಿರುಗಿಸೋ ಪ್ರೋಗ್ರಾಂ) ಮಾಡಿಕೊಟ್ಟರೆ ಸಾಕು ಅನ್ನೋದು ನನ್ನ ಹಟ. ಫ್ರೀಲಾನ್ಸರ್ ಒಬ್ಬರಿಗೆ 40,000 ಅಡ್ವಾನ್ಸ್ ಕೊಟ್ಟೆ. ಅವರ ಪೋಸ್ಟ್ ಗಾಳಿಯಲ್ಲಿ ಚೆನ್ನಾಗಿ ಓಡಿತು, ಲೋಹಕ್ಕೆ ಇಳಿದ ತಕ್ಷಣ ಬ್ಲೇಡನ್ನೇ ಅಗೆಯಿತು. ಆಮೇಲೆ ಅವರು ಫೋನ್ ಎತ್ತಲಿಲ್ಲ. ನಮ್ಮ ಕ್ಯಾಮ್ ಸಾಫ್ಟ್‌ವೇರ್ ಫ್ಯೂಷನ್‌ನ ಪೋಸ್ಟ್‌ಗಳು ಜಾವಾಸ್ಕ್ರಿಪ್ಟ್‌ನಲ್ಲಿರುತ್ತವೆ, ಕಾಲೇಜಿಗೆ ಹೋಗೋ ಮಗನಿಗೆ ಅದು ಬರುತ್ತೆ. ರಾತ್ರಿ ಊಟ ಆದಮೇಲೆ ಇಬ್ಬರೂ ಕೂತು ಸಾಲು ಸಾಲು ಬಿಚ್ಚಿದೆವು.

ಮೊದಲ ಕಾಟ ಲೀನಿಯರೈಸೇಶನ್‌ದು, ಅಂದರೆ ತಿರುಗೋ ಚಲನೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ತುದಿಯನ್ನು ನೇರ ದಾರಿಯಲ್ಲಿ ಇಡೋದು. ತಿರುಗೋ ಸೆಂಟರಿನಿಂದ 150 ಮಿ.ಮೀ. ದೂರದಲ್ಲಿ ಒಂದೇ ಬ್ಲಾಕಿಗೆ (ಪ್ರೋಗ್ರಾಮಿನ ಒಂದು ಸಾಲು) 5 ಡಿಗ್ರಿ ತಿರುಗಿಸಿದರೆ ನಡುದಾರಿಯಲ್ಲಿ ತುದಿ ಸುಮಾರು 0.14 ಮಿ.ಮೀ. ಅಡ್ಡ ಹೋಗುತ್ತೆ. 1 ಡಿಗ್ರಿಗೆ ಇಳಿಸಿ, 6 ಮೈಕ್ರಾನಿಗೆ ಬರುತ್ತೆ. ಹಾಗಂತ ದಾರಿಯನ್ನು ಅತಿಯಾಗಿ ತುಂಡು ಮಾಡಿದರೆ ಹಳೇ ಕಂಟ್ರೋಲು ಬ್ಲಾಕ್ ನುಂಗಲಾರದೆ ನಿಂತು ನಿಂತು ಹೋಗುತ್ತೆ, ನಿಂತ ಕಡೆಯೆಲ್ಲಾ ಗೆರೆ. ಯಾವ ಟಾಲರೆನ್ಸ್‌ನಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗೋ ಹೊತ್ತಿಗೆ ಒಂದು ರಾಶಿ ಬಿಲ್ಲೆ ಗುಜರಿಗೆ ಹೋಯಿತು. ಮೆಟೀರಿಯಲ್ ಲೆಕ್ಕವೇ 35-40 ಸಾವಿರ ಇರಬೇಕು, ಮುರಿದ ಟೇಪರ್ ಬಾಲ್‌ನೋಸ್ ಕಟ್ಟರ್‌ಗಳು ಬೇರೆ. ಮನೆಯಲ್ಲಿ ಈ ಅಂಕಿ ಇನ್ನೂ ಹೇಳಿಲ್ಲ.

ಎರಡನೇದು ಫೀಡ್, ಅಂದರೆ ಕಟ್ಟರ್ ಸಾಗೋ ವೇಗ. ನಿಮಿಷಕ್ಕೆ ಇಷ್ಟು ಮಿ.ಮೀ. ಅನ್ನೋ ಜಿ94ರಲ್ಲಿ ಕಂಟ್ರೋಲು ಡಿಗ್ರಿಯನ್ನೂ ಮಿಲಿಮೀಟರ್ ಅಂತಲೇ ಎಣಿಸುತ್ತೆ. ಹಬ್ (ಇಂಪೆಲ್ಲರಿನ ನಡುಭಾಗ) ಹತ್ತಿರ ಸಿ ಜೋರಾಗಿ ತಿರುಗುವಾಗ ಕಟ್ಟರ್ ತುದಿ ತೆವಳುತ್ತಾ ಉಜ್ಜುತ್ತೆ, ಚ್ಯಾಟರ್ (ನಡುಕ) ಹಿಡಿಯುತ್ತೆ. ಜಿ93 ಹಾಕಿ ಪ್ರತಿ ಬ್ಲಾಕಿಗೂ ಅದರದೇ ಎಫ್ ಕೊಡಿ, ಇಲ್ಲಿ ಎಫ್ ಅಂದರೆ ಫೀಡನ್ನು ಆ ಬ್ಲಾಕಿನ ದೂರದಿಂದ ಭಾಗಿಸಿದ್ದು. ತುದಿ 1000 ಫೀಡಿನಲ್ಲಿ 2 ಮಿ.ಮೀ. ಹೋಗಬೇಕಾದರೆ ಎಫ್500. ಇದೊಂದು ಬದಲಾವಣೆಗೆ ಬ್ಲೇಡಿನ ಮೈ ಹೇಗೆ ತಿರುಗಿತು ಅಂದರೆ, ನಮ್ಮ ಆಪರೇಟರ್ "ಅಣ್ಣಾ, ಪಾಲಿಶ್ ಮಾಡಿಬಿಟ್ರಾ?" ಅಂತ ಕೇಳಿದ.

ಮೂರನೇದು ಸೆಂಟರ್. ಎ, ಸಿ ಸೇರೋ ಜಾಗವನ್ನು ಟೆಸ್ಟ್ ಬಾರ್, ಡಯಲ್ ಇಟ್ಟು ಹಿಡಿದೆವು. ಬೆಳಿಗ್ಗೆ ಹಿಡಿದಿದ್ದು ಮಧ್ಯಾಹ್ನಕ್ಕೆ 20-25 ಮೈಕ್ರಾನ್ ಸರಿದಿರುತ್ತೆ. ಈಗ ಸ್ಪಿಂಡಲ್, ಟ್ರನಿಯನ್ ಎರಡನ್ನೂ ಅರ್ಧ ಗಂಟೆ ಓಡಿಸಿ ಬಿಸಿ ಮಾಡಿಯೇ ಹಿಡಿಯೋದು. ಜಾಬನ್ನು ಟೇಬಲ್ ಮೇಲೆ ಎಲ್ಲೆಂದರಲ್ಲಿ ಕಟ್ಟೋ ಹಾಗಿಲ್ಲ. ಡೊವೆಲ್ ಪಿನ್ ಹಾಕಿದ ಒಂದೇ ಮ್ಯಾಂಡ್ರಿಲ್ (ಜಾಬ್ ಕೂರಿಸೋ ದಂಡ), ಅದು ಸೆಂಟರಿನಿಂದ ಇರೋ ದೂರವೇ ಕ್ಯಾಮ್‌ನಲ್ಲೂ ಒರಿಜಿನ್. ಸೆಂಟರ್ ಸರಿದರೆ ಹೊಸ ಅಂಕಿ ಹಾಕಿ ಮತ್ತೆ ಪೋಸ್ಟ್ ಮಾಡಿದರಾಯಿತು, ಐದು ನಿಮಿಷದ ಕೆಲಸ. ಆ ದೂರವನ್ನು ಒಂದು ಬೇರಿಂಗ್ ಬಾಲ್ ಇಟ್ಟು ಬೇಗ ಹಿಡಿಯೋ ದಾರಿಯೊಂದಿದೆ. ಅದು ಶೆಡ್ಡಿನೊಳಗೇ ಇರಲಿ, ಹೊಟ್ಟೆಪಾಡು.

ರಫಿಂಗ್ (ಹೆಚ್ಚುವರಿ ಲೋಹ ಮೊದಲು ತೆಗೆಯೋದು) ಪೂರಾ 3+2ರಲ್ಲೇ. ಅದಕ್ಕೂ ಸೈಮಲ್ಟೇನಿಯಸ್ ಹಾಕೋರನ್ನು ನೋಡಿದ್ದೀನಿ, ಬರೀ ಷೋಕಿ. ಬ್ಲೇಡಿಗೆ ಮಾತ್ರ ಐದೂ ಆಕ್ಸಿಸ್. ಎ ಸೊನ್ನೆಯ ಹತ್ತಿರ ಬಂದರೆ ಸಿ ಗಿರ್ರಂತ ಅರ್ಧ ಸುತ್ತು ಹೊಡೆಯುತ್ತೆ, ಟೂಲ್ ಆಕ್ಸಿಸ್‌ಗೆ ಕನಿಷ್ಠ 3 ಡಿಗ್ರಿ ವಾಲು ಇಟ್ಟರೆ ಆ ಗೋಳಿಲ್ಲ.

ನಡುವೆ ಬ್ಯಾರೆಲ್ ಕಟ್ಟರ್ (ಬದಿ ಪೀಪಾಯಿಯಂತೆ ಉಬ್ಬಿರೋದು) ಹುಚ್ಚೂ ಹತ್ತಿತ್ತು. ಒಂದು ಕಟ್ಟರಿಗೆ 14 ಸಾವಿರವೋ ಏನೋ ಕೊಟ್ಟೆ. ದೊಡ್ಡ ಸ್ಟೆಪ್‌ಓವರ್‌ನಲ್ಲೂ (ಒಂದು ಪಾಸಿಗೂ ಇನ್ನೊಂದಕ್ಕೂ ನಡುವಿನ ಅಂತರ) ನುಣುಪು ಬರುತ್ತೆ, ನಿಜ. ಆದರೆ ನಮ್ಮ ಬ್ಲೇಡಿನ ತಿರುವಿಗೆ ಅದು ಹಬ್ ಮೂಲೆ ಮುಟ್ಟಲಿಲ್ಲ, ಈಗ ಒಂದು ಡೈ ಜಾಬಿನ ಗೋಡೆಗೆ ಬಳಸ್ತಿದ್ದೀವಿ. ಸಾಗುವಾನಿ ತುಂಡಿನಲ್ಲೂ ಇದೇ ಪ್ರೋಗ್ರಾಂ ಓಡಿಸಿದೆವು. ಅದು ಆಫೀಸ್ ಟೇಬಲ್ ಮೇಲಿದೆ, ಬಂದವರೆಲ್ಲಾ ಎತ್ತಿ ನೋಡ್ತಾರೆ.

ಮೊದಮೊದಲು ಪೀಸಿಗೆ ನಾಲ್ಕು ಗಂಟೆ ಹತ್ತಿರ ಹಿಡೀತಿತ್ತು, ಈಗ ಎರಡೂಕಾಲರಲ್ಲಿ ಇಳಿಯುತ್ತೆ. ಬ್ಲೇಡ್ ಪ್ರೊಫೈಲ್ 0.05 ಮಿ.ಮೀ. ಒಳಗೆ ಬಂತು ಅಂತ ಗಿರಾಕಿಯ ಸಿಎಂಎಂ (ಅಳತೆ ಯಂತ್ರ) ರಿಪೋರ್ಟೇ ಹೇಳಿತು. ಎರಡನೇ ಲಾಟ್ ನಡೀತಿದೆ. ಮೂಗು ಮುರಿದ ಪಕ್ಕದವರೇ ಹೋದ ವಾರ ಡ್ರಾಯಿಂಗ್ ಹಿಡಿದು ಬಂದಿದ್ದರು, ಗಂಟೆಗೆ 100 ರೂಪಾಯಿ ಜಾಸ್ತಿ ಹೇಳಿದೆ, ಒಪ್ಪಿಕೊಂಡರು.

ಪೋಸ್ಟ್ ಫೈಲ್ ಮಾತ್ರ ಕೇಳಬೇಡಿ. ಕೊಟ್ಟರೂ ಪ್ರಯೋಜನವಿಲ್ಲ, ಅದರೊಳಗಿರೋದು ನಮ್ಮ ಟ್ರನಿಯನ್‌ನ ಅಳತೆ. ಮೊದಲು ನಿಮ್ಮದನ್ನು ಬಿಸಿ ಮಾಡಿ ಡಯಲ್ ಹಿಡೀರಿ.